ಒಂಟಿ ಮನೆಯಲ್ಲಿರುವ ವಯಸ್ಸಾದ ಅಪ್ಪ-ಅಮ್ಮ: ಊರಲ್ಲೇ ಇರಲು ಬಿಡಬೇಕೆ, ಕರೆದುಕೊಂಡು ಬರಬೇಕೆ?

ಸೋಗೆಮನೆ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಹೊಸನಗರ ತಾಲ್ಲೂಕಿನಲ್ಲಿ, ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿದೆ. ಊರೆಂದರೆ ಹನ್ನೊಂದು ಮನೆ, ಅವುಗಳಲ್ಲಿ ನಾಲ್ಕಕ್ಕೆ ಬೀಗ ಬಿದ್ದಿದೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಅಡಿಕೆ ತೋಟ, ಒಂದು ಹಳ್ಳ ಮತ್ತು ಕಾಲುಸಂಕ. ಅಪ್ಪಯ್ಯನಿಗೆ 76 ವರ್ಷ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ಅಮ್ಮನಿಗೆ 70, ಮಂಡಿನೋವು ಬಿಟ್ಟರೆ ಗಟ್ಟಿಯಾಗಿದ್ದಾರೆ. ನಾನು ಬೆಂಗಳೂರಿನಲ್ಲಿದ್ದೇನೆ.

ಕಳೆದ ಆಷಾಢದ ಒಂದು ರಾತ್ರಿ ಅಪ್ಪಯ್ಯನ ಮಾತು ತೊದಲಲು ಶುರುವಾಯಿತು, ಮೈಯೆಲ್ಲ ಬೆವರಿತು. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲದ ಕಾರಣ ಅಮ್ಮ ಸುರಿಯುವ ಮಳೆಯಲ್ಲಿ ಟಾರ್ಚ್ ಹಿಡಿದು ಧರೆ (ಮಣ್ಣಿನ ದಿಬ್ಬ) ಹತ್ತಿ, ಹಲಸಿನ ಮರದ ಬುಡದಲ್ಲಿ ನಿಂತು ನನಗೆ ಕರೆ ಮಾಡಿದರು. ಬಾಯಿಗೆ ಬೆಲ್ಲದ ನೀರು ಹಾಕಲು ಹೇಳಿದೆ; ಸ್ವಲ್ಪ ಹೊತ್ತಿನಲ್ಲಿ ಚೇತರಿಸಿಕೊಂಡರು. ಆಮೇಲೆ ಇಬ್ಬರನ್ನೂ ಎರಡು ತಿಂಗಳು ಬೆಂಗಳೂರಿನಲ್ಲಿ ಇಟ್ಟುಕೊಂಡೆ. ದಿನವೂ ತೋಟಕ್ಕೆ ನಾಲ್ಕು ಸಲ ಇಳಿದು ಹತ್ತುತ್ತಿದ್ದ ಅಪ್ಪಯ್ಯ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕುಳಿತುಬಿಟ್ಟರು. ಆಸ್ಪತ್ರೆ ಎದುರಿಗೇ ಇದ್ದರೂ ಸಕ್ಕರೆ ಮಾತ್ರ ಏರಿತು. ಈಗ ಮತ್ತೆ ಊರಿಗೆ ಹೋಗಿದ್ದಾರೆ. ಅವರನ್ನು ಅಲ್ಲೇ ಇರಲು ಬಿಡುವುದು ಸರಿಯೇ? ಬಿಟ್ಟರೆ ಏನೇನು ಏರ್ಪಾಡು ಮಾಡಬೇಕು?

ನಿವೃತ್ತ ಸಿಸ್ಟರ್, ಸಾಗರ

ನಾನು ಆರೋಗ್ಯ ಉಪಕೇಂದ್ರಗಳಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು. ಉಪಕೇಂದ್ರವಾದರೆ ಅಲ್ಲಿ 5,000 ಜನರಿಗೆ, ಇಲ್ಲಿ 3,000 ಜನರಿಗೆ ಎಂಬುದು ಸರ್ಕಾರದ ಮಾನದಂಡ. ನಮಗೆ ರಿಯಾಯಿತಿ ಕೊಟ್ಟಂತೆ ಕಂಡರೂ ಅದು ತಲೆಯ ಲೆಕ್ಕವೇ ಹೊರತು ದಾರಿಯ ಲೆಕ್ಕವಲ್ಲ. ಬಯಲಿನ ಒಂದು ದೊಡ್ಡ ಊರಿನಲ್ಲೇ ಮೂರು ಸಾವಿರ ಜನ ಸಿಗುತ್ತಾರೆ. ನಮ್ಮಲ್ಲಿ ಮಳೆಗಾಲದಲ್ಲಿ ಇಂಬಳ ಕಿತ್ತುಕೊಳ್ಳುತ್ತ, ಹಳ್ಳ ದಾಟುತ್ತ ಒಂದು ದಿನಕ್ಕೆ ಆರು ಮನೆ ಮುಗಿಸಿದರೆ ಅದೇ ದೊಡ್ಡದಾಗಿತ್ತು. ಆದ್ದರಿಂದ ಯಾರಾದರೂ ಬಂದು ನೋಡುತ್ತಾರೆ ಎಂದು ನೀವು ನೆಚ್ಚಿಕೊಳ್ಳಬೇಡಿ.

ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ನಿಮ್ಮ ಅಮ್ಮ ಧರೆ ಹತ್ತಿ ಕರೆ ಮಾಡಿ, 108ರ ವಾಹನ ಬಂದು, ರೋಗಿಯನ್ನು ಕಾಲುಸಂಕದ ಮೇಲೆ ಹೊತ್ತು ದಾಟಿಸಿ, ಶಿವಮೊಗ್ಗ ಮುಟ್ಟುವಷ್ಟರಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೀವೇ ಲೆಕ್ಕ ಹಾಕಿ. ಒಂಟಿ ಮನೆಯವರಿಗೆ ರಕ್ತದೊತ್ತಡದ ಮಾತ್ರೆ ಪೇಟೆಯವರಿಗಿಂತ ಹೆಚ್ಚು ಮುಖ್ಯವಾಗುವುದು ಈ ಕಾರಣಕ್ಕೆ. ತಲೆ ಸುತ್ತುತ್ತಿಲ್ಲವಲ್ಲ ಎಂದು ಮಾತ್ರೆ ನಿಲ್ಲಿಸಿದ ಎಷ್ಟೋ ಹಿರಿಯರನ್ನು ನಾನು ಹಾಸಿಗೆ ಹಿಡಿದ ಮೇಲೆ ಕಂಡಿದ್ದೇನೆ. ರಕ್ತದೊತ್ತಡದ ಅಮ್ಲೋಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ಮೇ ತಿಂಗಳಲ್ಲೇ ವೈದ್ಯರನ್ನು ಕೇಳಿ ಮಳೆಗಾಲಕ್ಕೆ ಸಾಕಾಗುವಷ್ಟು ತಂದಿಟ್ಟುಕೊಳ್ಳಿ.

ಒಂದು ಮಾತು ಕೇಳುತ್ತೇನೆ. ಆ ರಾತ್ರಿ ಅಪ್ಪಯ್ಯನವರು ಉಪವಾಸವಿದ್ದರೇ? ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿದು ಹೀಗೆಯೇ ಬೆವರಿ ಮಾತು ತೊದಲುತ್ತದೆ.

ಇನ್ನೊಂದು ವಿಷಯ, ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಇಂದಿಗೂ ಡಿಸೆಂಬರ್‌ನಿಂದ ಮೇವರೆಗೆ ಕಾಡುತ್ತದೆ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಗಿದೆ, ನಿರ್ದಿಷ್ಟ ಔಷಧವೂ ಇಲ್ಲ. ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಈಗ ಉಳಿದಿರುವ ದಾರಿ. ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಅಮ್ಮ ಕಾಡಿಗೆ ಹೋಗುವವರಾದರೆ ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಲಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿನಲ್ಲೇ ಒಗೆಯಲಿ. ಆ ತಿಂಗಳುಗಳಲ್ಲಿ ಜ್ವರದ ಜೊತೆ ವಿಪರೀತ ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿದು ಮಲಗಬಾರದು, ರಕ್ತ ಪರೀಕ್ಷೆ ಮಾಡಿಸಲೇಬೇಕು.

ಹೊಳೆಯಾಚೆ

ನಮ್ಮದು ಶರಾವತಿ ಹಿನ್ನೀರಿನಾಚೆಯ ಕರೂರು ಹೋಬಳಿ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ ಹೊಳೆಬಾಗಿಲಿನ ಲಾಂಚೇ ನಮಗೆ ಸಾಗರದ ದಾರಿಯಾಗಿತ್ತು. ನನ್ನ ಅಜ್ಜಿಗೆ ಎದೆನೋವು ಬಂದದ್ದು ಕೊನೆಯ ಲಾಂಚ್ ಹೋದ ಮೇಲೆ. ಬೆಳಗಾಗುವವರೆಗೆ ಅವರ ಕಾಲು ತಿಕ್ಕುತ್ತ ಕುಳಿತ ಆ ರಾತ್ರಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ನಮ್ಮ ತಂದೆ ಅದರ ಮೇಲೆ ನಡೆದು ಹೋಗಿ, ನಡುವೆ ನಿಂತು ಅತ್ತರು.

ಆದರೆ ಸೇತುವೆಯವರೆಗೆ ಬರಬೇಕಲ್ಲ? ಒಬ್ಬರೇ ಬಿದ್ದರೆ ಯಾರಿಗೆ ತಿಳಿಯಬೇಕು? ಫೋನನ್ನು ನೆಚ್ಚಬೇಡಿ, ಗಾಳಿಮಳೆಯಲ್ಲಿ ಕರೆಂಟು ಹೋದರೆ ಟವರೂ ಸತ್ತಂತೆಯೇ. ದಿನಕ್ಕೊಮ್ಮೆ ಒಂದು ಜೀವ ಮನೆ ಬಾಗಿಲಿಗೆ ಬರುವಂತೆ ಮಾಡಿ. ನಮ್ಮ ಕೊಟ್ಟಿಗೆಯಲ್ಲೇ ಹಾಲಿದ್ದರೂ ಅರ್ಧ ಲೀಟರು ಹಾಲನ್ನು ನಾವು ಪಕ್ಕದ ಮನೆಯಿಂದ ತರಿಸುತ್ತೇವೆ. ಬೆಳಿಗ್ಗೆ ಹಾಲು ತರುವ ಹುಡುಗ ಜಗಲಿಯಲ್ಲಿ ಕುಳಿತು ಎರಡು ಮಾತಾಡಿ, ಇಬ್ಬರ ಮುಖ ನೋಡಿ ಹೋಗುತ್ತಾನೆ. ಮಳೆಗಾಲಕ್ಕೆ ಮೊದಲು ಅಂಗಳದಿಂದ ಬಚ್ಚಲವರೆಗೆ ಅಡಿಕೆ ಸೋಗೆ ಹಾಸಿಸಿ. ಪಾಚಿಯ ಮೇಲೆ ಜಾರಿ ಸೊಂಟ ಮುರಿದುಕೊಂಡವರು ನಮ್ಮ ಹೋಬಳಿಯಲ್ಲಿ ಬಹಳ ಮಂದಿ. ಕಾಲುಸಂಕಕ್ಕೆ ಎರಡೂ ಕಡೆ ಕೈಹಿಡಿ ಬೇಕು. ಗ್ರಾಮ ಪಂಚಾಯಿತಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ತುಂಗಾತೀರ, ತೀರ್ಥಹಳ್ಳಿ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಏರ್ಪಾಡು ಎಷ್ಟೇ ಇದ್ದರೂ ಆಗುಂಬೆಯ ಸೆರಗಿನಲ್ಲಿರುವ ನಮ್ಮಂಥ ಊರಲ್ಲಿ ಮರ ಬಿದ್ದರೆ, ಧರೆ ಕುಸಿದರೆ ದಾರಿಯೇ ಇರುವುದಿಲ್ಲ. ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂದೆತಾಯಿಯನ್ನು ತಾಲ್ಲೂಕು ಕೇಂದ್ರದ ಬಾಡಿಗೆ ಮನೆಯಲ್ಲಿ ಇರಿಸುತ್ತೇವೆ. ಅಡಿಕೆ ಕೊನೆ ಕೊಯ್ಲಿಗೆ ಮೊದಲೇ ಊರು ಸೇರಿಕೊಳ್ಳುತ್ತಾರೆ. ಪರಿಚಿತ ಭಾಷೆ, ಪರಿಚಿತ ಮುಖ, ವಾರಕ್ಕೊಮ್ಮೆ ತೋಟ ನೋಡಿ ಬರುವಷ್ಟು ಹತ್ತಿರ. ಹಾಗೆಂದು ಪೇಟೆಯಲ್ಲಿ ಎಲ್ಲವೂ ಸಿಗುತ್ತದೆ ಎಂದಲ್ಲ. ನಾವು ಹೋದ ಒಂದು ಆಸ್ಪತ್ರೆಯಲ್ಲಿ ಯಂತ್ರವಿತ್ತು, ನಡೆಸುವವರು ಇರಲಿಲ್ಲ. ಯಾವ ದಿನ ಯಾವ ತಜ್ಞರು ಇರುತ್ತಾರೆ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಸೋಗೆಮನೆ

ಎಲ್ಲರಿಗೂ ಕೃತಜ್ಞತೆಗಳು. ಸಿಸ್ಟರ್, ಅಮ್ಮನನ್ನು ಕೇಳಿದೆ: ಅಂದು ಪ್ರಥಮ ಏಕಾದಶಿ. ಮಾತ್ರೆ ನುಂಗಿದ್ದರು, ಊಟ ಮಾಡಿರಲಿಲ್ಲ. ವೈದ್ಯರಲ್ಲಿ ಮಾತಾಡಿ ಮಾತ್ರೆ ಬದಲಾಯಿಸಲಾಗಿದೆ. ಉಪವಾಸದ ದಿನ ಅವಲಕ್ಕಿಯನ್ನಾದರೂ ತಿನ್ನಲು ಅಪ್ಪಯ್ಯ ಒಪ್ಪಿದ್ದಾರೆ. ಮಳೆಗಾಲದ ಬಾಡಿಗೆ ಮನೆಯ ವಿಷಯ ತೆಗೆದಾಗ ಮಾತ್ರ ಎದ್ದು ತೋಟಕ್ಕೆ ಹೋದರು, ಅದನ್ನು ಇನ್ನೊಮ್ಮೆ ಕೇಳುತ್ತೇನೆ. ಪಕ್ಕದ ಮನೆಯವರು ಸೋಮವಾರದಿಂದ ಹಾಲು ಕೊಡುತ್ತಿದ್ದಾರೆ. ನಮ್ಮ ಹಸುವೇ ಹಾಲು ಕೊಡುತ್ತಿರುವಾಗ ಈ ಹಾಲು ಯಾಕೆ ಎಂದು ಅಮ್ಮ ಎರಡು ದಿನ ಕೇಳಿದರು, ಮೂರನೆಯ ದಿನ ಹಾಲು ತರುವ ಹುಡುಗನಿಗೆಂದು ದೋಸೆ ಹೊಯ್ದಿಟ್ಟಿದ್ದರಂತೆ.