ರೋಲರ್ ಸ್ಕೀ ಮೊದಲ ಜೊತೆ: ಉಡುಪಿ ಕಡೆಯ ರಸ್ತೆಗೆ ಸ್ಕೇಟಾ, ಕ್ಲಾಸಿಕ್ಕಾ?

ಪಡುಕೆರೆ ಹುಡುಗಿ:
ನಮಸ್ಕಾರ. ನಾನು ಮಲ್ಪೆಯವಳು. ಎಂಟು ವರ್ಷ ಇನ್‌ಲೈನ್ ಸ್ಕೇಟಿಂಗ್ ಮಾಡಿದ್ದೇನೆ. ಕಳೆದ ಚಳಿಗಾಲದಲ್ಲಿ ಗುಲ್ಮಾರ್ಗ್‌ಗೆ ಹೋಗಿ ಹತ್ತು ದಿನ ಕ್ರಾಸ್ ಕಂಟ್ರಿ ಸ್ಕೀ ಕಲಿತೆ, ಅಲ್ಲಿಂದ ಹುಚ್ಚು ಹಿಡಿದಿದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಈ ಆಟದಲ್ಲಿ ದೇಶಕ್ಕೆ ಆಡಿದ್ದಾರೆ. ಹಾಗಾಗಿ ಹಿಮ ಇಲ್ಲದ ಊರಿನವಳು ಅನ್ನುವ ನೆಪ ನನಗೆ ಉಳಿದಿಲ್ಲ. ಊರಲ್ಲೇ ಅಭ್ಯಾಸಕ್ಕೆ ರೋಲರ್ ಸ್ಕೀ ಬೇಕು, ಅಂದರೆ ರಸ್ತೆಯಲ್ಲಿ ಓಡುವ ಚಕ್ರದ ಸ್ಕೀ. ಅದರಲ್ಲಿ ಎರಡು ಬಗೆ: ಸ್ಕೇಟ್‌ನಲ್ಲಿ ಕಾಲನ್ನು ಬದಿಗೆ ತಳ್ಳುತ್ತಾ ಹೋಗುವುದು, ಕ್ಲಾಸಿಕ್‌ನಲ್ಲಿ ಕಾಲು ನೇರ ಹಿಂದೆ ಮುಂದೆ.

ಗೆಳತಿಯ ಸ್ಕೇಟ್ ಬಗೆಯ ರೋಲರ್ ಸ್ಕೀ ಜೊತೆಯನ್ನು ಒಂದು ವಾರ ಎರವಲು ತಂದಿದ್ದೆ. ಇದಕ್ಕೆ ಬ್ರೇಕ್ ಇಲ್ಲ ಅಂತ ಗೊತ್ತಿತ್ತು. ಆದರೆ ಅದು ಅರ್ಥವಾಗಿದ್ದು ಮಣಿಪಾಲದ ಇಳಿಜಾರಿನ ಮಧ್ಯದಲ್ಲಿ. ಪಕ್ಕದ ಹುಲ್ಲಿಗೆ ಹಾರಿದೆ, ಮೊಣಕೈ ಚರ್ಮ ಕಿತ್ತುಹೋಯಿತು. ಅಲ್ಲಿದ್ದ ನಾಯಿ ಬೊಗಳಲೂ ಇಲ್ಲ, ಸುಮ್ನೆ ನೋಡುತ್ತಾ ಕೂತಿತ್ತು.

ಮೇ ತಿಂಗಳಲ್ಲಿ ಅಣ್ಣ ಜರ್ಮನಿಯಿಂದ ಬರುತ್ತಾನೆ. ಅವನ ಬ್ಯಾಗಿನಲ್ಲಿ ಒಂದು ಜೊತೆಗೆ ಮಾತ್ರ ಜಾಗ. ಸ್ಕೇಟೇ ತರಿಸುವುದು ಅಂದುಕೊಂಡಿದ್ದೇನೆ. ಸರಿ ಅಲ್ವಾ? ನನ್ನ ಎತ್ತರ 165 ಸೆಂ.ಮೀ.

ಏರುದಾರಿ:
ನಾರ್ವೆಯಲ್ಲಿ ಆರು ವರ್ಷ ಇದ್ದು ಬಂದವನು ನಾನು, ಈಗ ಮಣಿಪಾಲದಲ್ಲಿದ್ದೇನೆ. ನನ್ನ ಮಾತು ಕೇಳಿದರೆ ಕ್ಲಾಸಿಕ್ ತರಿಸಿ. ಸ್ಕೇಟ್‌ನಲ್ಲಿ ಕಾಲು ಎರಡೂ ಕಡೆ ಅಗಲಕ್ಕೆ ಹೋಗಬೇಕು, ಕೋಲು ಬೇರೆ. ಪಡುಕೆರೆಯ ಆ ಸಪೂರ ರಸ್ತೆಯಲ್ಲಿ ಎದುರಿಂದ ಒಂದು ರಿಕ್ಷಾ ಬಂದರೆ ಎಲ್ಲಿಗೆ ಹೋಗುತ್ತೀರಿ ಮಾರಾಯ್ರೆ? ಕ್ಲಾಸಿಕ್‌ಗೆ ರಸ್ತೆಯ ಅಂಚು ಸಾಕು. ಸ್ಕೇಟ್‌ನ ಸಮತೋಲನ ನಿಮಗೆ ಹೇಗೂ ಇದೆ. ಅದು ಮರೆಯಬಾರದು ಅಂದರೆ ಹಳೇ ಇನ್‌ಲೈನ್ ಹಾಕಿ, ಕೋಲು ಹಿಡಿದು ಹೋಗಿ.

ಒಂದು ಎಚ್ಚರಿಕೆ. ಕ್ಲಾಸಿಕ್‌ನಲ್ಲಿ ಒಂದು ಚಕ್ರ ಹಿಂದಕ್ಕೆ ತಿರುಗುವುದಿಲ್ಲ, ಒಳಗೆ ರ‍್ಯಾಚೆಟ್ ಇರುತ್ತದೆ. ಕಾಲನ್ನು ಹಿಂದಕ್ಕೆ ಹೇಗೆ ಒದ್ದರೂ ನೆಲ ಹಿಡಿಯುತ್ತದೆ. ಹಿಮ ಹಾಗಲ್ಲ, ತಡವಾಗಿ ಒದ್ದರೆ ಜಾರುತ್ತದೆ. ಈ ಸುಳ್ಳು ಹಿಡಿತ ಅಭ್ಯಾಸವಾದರೆ ಗುಲ್ಮಾರ್ಗ್‌ನಲ್ಲಿ ಮತ್ತೆ ಮೊದಲಿಂದ ಕಲಿಯಬೇಕು. ಅದಕ್ಕೇ ಅರ್ಧ ಸಮಯ ಕಾಲು ಒದೆಯದೆ, ಕೈಯ ಬಲದಲ್ಲೇ, ಎರಡೂ ಕೋಲು ಒಟ್ಟಿಗೆ ಊರಿ ತಳ್ಳಿ.

ಚಕ್ರ ರಬ್ಬರಿನದೇ ಇರಲಿ, ಪಾಲಿಯುರೆಥೇನ್ ಒದ್ದೆಯಲ್ಲಿ ಜಾರುತ್ತದೆ. ಚಕ್ರದ ವೇಗಕ್ಕೆ ನಂಬರ್ ಇರುತ್ತದೆ. ಸಾಮಾನ್ಯವಾಗಿ 1 ಜೋರು, 3 ನಿಧಾನ. ನಿಮಗೆ 3. ನಾಚಿಕೆ ಬೇಡ. ಬೈಂಡಿಂಗನ್ನು (ಬೂಟನ್ನು ಸ್ಕೀಗೆ ಹಿಡಿಸುವ ಕೊಂಡಿ) ನಿಮ್ಮ ಬೂಟಿಗೆ ಹೊಂದುವಂಥದ್ದೇ ನೋಡಿ, ಅಲ್ಲಿನ ಅಂಗಡಿಯಲ್ಲೇ ಕೂರಿಸಿ ತರಲು ಅಣ್ಣನಿಗೆ ಹೇಳಿ. ಇಲ್ಲಿ ಡ್ರಿಲ್ ಹಿಡಿದು ಪ್ರಯೋಗ ಮಾಡುವುದು ಬೇಡ.

ಜನ ಮರೆಯುವುದು ಕೋಲಿನ ಮೊನೆ. ಕೋಲು ಹಿಮದಲ್ಲಿ ಹೂತುಹೋಗದಂತೆ ತುದಿಯಲ್ಲಿರುವ ಬುಟ್ಟಿ ತೆಗೆದು, ರಸ್ತೆಗೆಂದೇ ಮಾಡಿದ ಕಾರ್ಬೈಡ್ ಮೊನೆ ಹಾಕಬೇಕು. ಅದು ಮೊಂಡಾಗುತ್ತದೆ, ಆಗಾಗ ಡೈಮಂಡ್ ಅರದಿಂದ ಉಜ್ಜಿ. ಕಾಂಕ್ರೀಟ್‌ನಲ್ಲಿ ಮೊನೆ ಸರಿಯಾಗಿ ಕೂರುವುದಿಲ್ಲ, ಏಟು ನೇರ ಮೊಣಕೈಗೆ. ಡಾಮರು ರಸ್ತೆ ಹುಡುಕಿ. ಕೋಲಿನ ಉದ್ದ ನಮ್ಮ ಎತ್ತರದ 83 ಶೇಕಡಾ ಮೀರಬಾರದು ಅನ್ನುವುದು ಕ್ಲಾಸಿಕ್ ಸ್ಪರ್ಧೆಯ ನಿಯಮ. ನಿಮಗೆ 135 ಸೆಂ.ಮೀ. ಸಾಕು.

ಸೈಕಲ್ ಭಟ್ರು:
ಸ್ಕೀ ಬಗ್ಗೆ ನನಗೆ ಏನೂ ಗೊತ್ತಿಲ್ಲ, ರಸ್ತೆ ಬಗ್ಗೆ ಗೊತ್ತು. ಮೀನಿನ ಲಾರಿ ನೀರು ಚೆಲ್ಲಿಕೊಂಡು ಹೋದ ಕಡೆ ಕಾಲಿಡಬೇಡಿ. ಅದರಲ್ಲಿ ನಾನು ಸೈಕಲ್ ಸಮೇತ ಮಲಗಿದ್ದೇನೆ, ಪ್ಯಾಂಟಿನ ವಾಸನೆ ಎರಡು ಒಗೆತಕ್ಕೂ ಹೋಗಲಿಲ್ಲ. ಬೆಳಿಗ್ಗೆ ಬೇಗ ಹೋಗಿ, ಸೆಕೆಯೂ ಕಮ್ಮಿ. ಹೆಲ್ಮೆಟ್, ಗ್ಲೌಸ್, ಬೆನ್ನಿಗೆ ಮಿನುಗುವ ಕೆಂಪು ಲೈಟ್ ಇರಲಿ.

ಮತ್ತೆ ಬೇರಿಂಗ್. ಕಡಲ ಬದಿಯ ಉಪ್ಪು ಗಾಳಿಗೆ ತುಕ್ಕು ಬೇಗ. ಮನೆಗೆ ಬಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಪೈಪ್ ಹಿಡಿದು ಜೋರಾಗಿ ನೀರು ಬಿಟ್ಟರೆ ಒಳಗಿನ ಗ್ರೀಸ್ ಹೋಗುತ್ತದೆ.

ಪಡುಕೆರೆ ಹುಡುಗಿ:
ರಸ್ತೆ ಅಗಲದ ವಿಷಯ ತಲೆಗೇ ಬಂದಿರಲಿಲ್ಲ. ನಿನ್ನೆ ಸಂಜೆ ಇನ್‌ಲೈನ್ ಹಾಕಿಕೊಂಡು, ಕೋಲಿನ ಬದಲು ಎರಡು ಬಿದಿರು ಹಿಡಿದು ನೋಡಿದೆ. ಹೌದು, ಅರ್ಧ ರಸ್ತೆ ನನಗೇ ಬೇಕು. ಕ್ಲಾಸಿಕ್, ರಬ್ಬರ್, ನಂಬರ್ 3 ಅಂತ ಅಣ್ಣನಿಗೆ ಮೆಸೇಜ್ ಹಾಕಿದ್ದೇನೆ, ಹೆಚ್ಚುವರಿ ಮೊನೆ ಎರಡು ಜೊತೆ. ಅಮ್ಮ ಫೋಟೋ ನೋಡಿ ಕೇಳಿದ್ದು ಒಂದೇ: "ಇದರಲ್ಲಿ ಬಂದರಿಗೆ ಹೋಗಿ ಬಂಗುಡೆ ತರಲಿಕ್ಕೆ ಆಗ್ತದಾ?"