ಮಳೆಗೆ ಹಲಸಿನ ಸಸಿ ಹಳದಿ, ವ್ಯಾಮ್ ಕೆಲಸ ಮಾಡಲಿಲ್ವಾ?

ಪ್ರಶ್ನೆ (ಸಿದ್ದಾಪುರ ಕಡೆಯವರು):
ಹಲಸು, ನೇರಳೆ ಎರಡರ ಬೀಜವನ್ನೂ ಕೊಟ್ಟೆಗೆ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲಕ್ಕೆ) ಹಾಕಿದ್ದೆ. ಮಣ್ಣಿಗೆ ವ್ಯಾಮ್ (ಬೇರಿಗೆ ನೆರವಾಗುವ ಶಿಲೀಂಧ್ರ) ಬೆರೆಸಿದ್ದೇನೆ. ಜುಲೈ ಮಳೆ ಹಿಡಿದ ಮೇಲೆ ಹಲಸಿನ ಎಲೆಯೆಲ್ಲ ಹಳದಿ. ನೇರಳೆ ಚೆನ್ನಾಗಿಯೇ ಇದೆ. ಮಣ್ಣು ಒಂದೇ, ವ್ಯಾಮ್ ಒಂದೇ. ಗೊಬ್ಬರ ಸಾಲಲಿಲ್ವಾ? ಡಿಎಪಿ ಕೊಡಲಾ?

ಸಾಗರದ ಸಸಿಮನೆ:
ಡಿಎಪಿ ಬೇಡ ಮಾರಾಯ್ರೆ. ಮೊದಲು ಒಂದು ಕೊಟ್ಟೆ ಸೀಳಿ ಬೇರು ನೋಡಿ. ತುದಿ ಬೆಳ್ಳಗಿದ್ದರೆ ಚಿಂತೆಯಿಲ್ಲ. ಕಂದಾಗಿದ್ದರೆ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಮೇಲಿನ ಸಿಪ್ಪೆ ಕಳಚಿ ಕೈಗೆ ಬಂದು, ಒಳಗಿನ ನಾರೆಳೆ ಮಾತ್ರ ಉಳಿದರೆ ಅದು ಬೇರುಕೊಳೆ.

ವ್ಯಾಮ್ ಅಂದರೆ ಬೇರಿನೊಳಗೆ ಸೇರಿಕೊಳ್ಳುವ ಶಿಲೀಂಧ್ರ. ಹೊರಗೆ ಕೂದಲಿಗಿಂತ ತೆಳುವಾದ ಎಳೆ ಬಿಟ್ಟು, ಬೇರಿಗೆ ಎಟುಕದ ರಂಜಕ ತಂದುಕೊಡುತ್ತದೆ. ಬದಲಿಗೆ ಸಸಿಯಿಂದ ಸಕ್ಕರೆ ಪಡೆಯುತ್ತದೆ. ಆದರೆ ಅದಕ್ಕೂ ಉಸಿರು ಬೇಕಲ್ವಾ? ಆಮ್ಲಜನಕ ನೀರಿನಲ್ಲಿ ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ಸಂದಿಯಲ್ಲಿ ನೀರು ನಿಂತರೆ ಬೇರು, ವ್ಯಾಮ್ ಎರಡೂ ಸೊರಗುತ್ತವೆ. ಬೇರು ಕೊಳೆಸುವ ಸೂಕ್ಷ್ಮಜೀವಿಗಳಾದ ಪಿಥಿಯಂ, ಫೈಟೋಫ್ತೋರಾಗಳಿಗೆ ಆಗಲೇ ಸುಗ್ಗಿ. ಅವುಗಳ ಬೀಜಾಣು ನೀರಲ್ಲಿ ಈಜಿಕೊಂಡೇ ಬೇರು ಹುಡುಕುತ್ತದೆ. ಅಡಿಕೆಗೆ ಕೊಳೆ ತರುವುದೂ ಇದೇ ಫೈಟೋಫ್ತೋರಾ ಬಳಗ.

ನೇರಳೆ ಹೊಳೆದಂಡೆಯಲ್ಲೂ ಬೆಳೆಯುವ ಮರ, ತಡೆದುಕೊಳ್ಳುತ್ತದೆ. ಹಲಸಿಗೆ ನಿಂತ ನೀರು ಆಗಿಬರುವುದಿಲ್ಲ. ಇನ್ನು ಡಿಎಪಿ ಜಾಸ್ತಿಯಾದರೆ ರಂಜಕ ಸುಲಭಕ್ಕೆ ಸಿಗುತ್ತದೆ, ಆಗ ಸಸಿ ವ್ಯಾಮನ್ನು ಒಳಗೆ ಬಿಟ್ಟುಕೊಳ್ಳುವುದೇ ಕಡಿಮೆ.

ಕೊಟ್ಟೆಗಳನ್ನು ನೆಲದಿಂದ ಎತ್ತಿ ಅಡಿಕೆ ದಬ್ಬೆಯ ಮೇಲೆ ಇಡಿ. ಬುಡದ ತೂತು ಕಟ್ಟಿಕೊಂಡಿದ್ದರೆ ಬಿಡಿಸಿ. ಮೇಲೊಂದು ಮಾಡು ಮಾಡಿದರೆ ಇನ್ನೂ ಒಳ್ಳೆಯದು.

ಶಿರಸಿಯಿಂದ:
ನಿಮ್ಮ ತಾಲೂಕಿನದೇ ಕತ್ತಲೆಕಾನಿನ ರಾಮಪತ್ರೆ ಜಡ್ಡಿ (ಜೌಗು ಕಾಡು) ನೋಡಿದ್ದೀರಾ? ಅಲ್ಲಿನ ಮರಗಳು ನೀರಲ್ಲೇ ನಿಂತಿರುತ್ತವೆ. ಬೇರುಗಳು ಮಡಚಿದ ಮೊಣಕಾಲಿನ ಹಾಗೆ ಕೆಸರಿನಿಂದ ಮೇಲೆದ್ದು ಗಾಳಿ ತಗೊಳ್ಳುತ್ತವೆ. ಹಲಸಿಗೆ ಆ ಏರ್ಪಾಡು ಎಲ್ಲಿಂದ ಬರಬೇಕು?

ಸಿದ್ದಾಪುರ ಕಡೆಯವರು:
ಸೀಳಿ ನೋಡಿದೆ. ಕೆಳಗಿನ ಬೇರು ಕಂದು, ಸಿಪ್ಪೆ ಕಳಚುತ್ತಿದೆ. ಮೇಲ್ಗಡೆ ಬಿಳಿ ಬೇರು ಇದೆ. ವ್ಯಾಮ್ ಮತ್ತೆ ಹಾಕಬೇಕಾ? ಅಂಗಡಿಯವರು ಶಿಲೀಂಧ್ರನಾಶಕ ಕಾರ್ಬೆಂಡಜಿಂ ಸುರಿಯಿರಿ ಅಂತಾರೆ.

ಸಾಗರದ ಸಸಿಮನೆ:
ಬಿಳಿ ಬೇರು ಇದೆಯಲ್ಲ, ಉಳಿಸಿಕೊಳ್ಳಬಹುದು. ವ್ಯಾಮ್ ಬೀಜಾಣು ಮಣ್ಣಲ್ಲೇ ಇರುತ್ತದೆ. ನೀರು ಬಸಿದು ಹೊಸ ಬೇರು ಒಡೆದಾಗ ಮತ್ತೆ ಸೇರಿಕೊಳ್ಳುತ್ತದೆ. ಕಾರ್ಬೆಂಡಜಿಂ ಮಾತ್ರ ಸುರಿಯಬೇಡಿ. ಪಿಥಿಯಂ, ಫೈಟೋಫ್ತೋರಾಕ್ಕೆ ಅದು ನಾಟುವುದೇ ಇಲ್ಲ, ಪೆಟ್ಟು ಬೀಳುವುದು ವ್ಯಾಮಿಗೆ.