ತಂಗಿಯ ಆರತಕ್ಷತೆಗೆ ತಂದ ಕೋಟು: ಬೆನ್ನ ಮೇಲೆ ಮಡಿಕೆ ಬೀಳುತ್ತಿದೆ, ಎಂತ ಮಾಡುವುದು?

ಕಲ್ಸಂಕದವ

ಎಲ್ಲರಿಗೂ ನಮಸ್ಕಾರ. ತುಳಸಿ ಪೂಜೆ ಕಳೆದ ಮೇಲೆ ತಂಗಿಯ ಮದುವೆ ಉಂಟು, ಉಡುಪಿಯಲ್ಲೇ. ಬೆಳಿಗ್ಗೆ ಧಾರೆಗೆ ಪಂಚೆ, ಶಲ್ಯ. ಅದರ ಚಿಂತೆ ಇಲ್ಲ. ಸಂಜೆ ಆರತಕ್ಷತೆಗೆ ಅಣ್ಣ ಕೋಟು ಹಾಕಬೇಕು ಅಂತ ಅವಳ ಆಸೆ. ನಾನು ಇಷ್ಟರವರೆಗೆ ಕೋಟು ಹಾಕಿದವನೇ ಅಲ್ಲ.

ಕಳೆದ ವಾರ ಮಂಗಳೂರಿಗೆ ಹೋಗಿ ರೆಡಿಮೇಡ್ ಸೂಟು ತಂದೆ. ನೇವಿ ಬ್ಲೂ, ಸೈಜು 40. ಅಂಗಡಿಯಲ್ಲಿ ಚೆಂದ ಕಂಡಿತು. ಮನೆಯಲ್ಲಿ ತಂಗಿ ಹಿಂದಿನಿಂದ ಫೋಟೋ ತೆಗೆದು ತೋರಿಸಿದಾಗ ಮನಸ್ಸಿಗೆ ಬೇಸರವಾಯಿತು. ಕಾಲರ್ ಕೆಳಗೆ ಅಡ್ಡಕ್ಕೆ ಒಂದು ದಪ್ಪ ಮಡಿಕೆ. ಬಲಗಡೆ ಕಂಕುಳ ಕೆಳಗೆ ಓರೆಯಾಗಿ ಇನ್ನೊಂದು. ತೋಳು ಅರ್ಧ ಅಂಗೈವರೆಗೆ ಬರುತ್ತದೆ. ಬಟನ್ ಹಾಕಿದರೆ ಹೊಟ್ಟೆಯ ಹತ್ತಿರ ಬಟ್ಟೆ ಎರಡೂ ಕಡೆಯಿಂದ ಎಳೆದ ಹಾಗೆ ಕಾಣುತ್ತದೆ.

ಅಂಗಡಿಗೆ ಫೋನ್ ಮಾಡಿದರೆ "ಹಾಕ್ತಾ ಹಾಕ್ತಾ ಸರಿಯಾಗ್ತದೆ" ಅಂದರು. ಹೌದಾ? ಇದನ್ನೇ ಸರಿ ಮಾಡಿಸಬಹುದಾ, ಅಥವಾ ಹೊಸತು ಹೊಲಿಸಬೇಕಾ? ಇನ್ನೊಂದು ಪ್ರಶ್ನೆ: ತಂಗಿಯದ್ದು ಮೆರೂನ್ ಸೀರೆ, ಚಿನ್ನದ ಬಣ್ಣದ ಅಂಚು. ನನ್ನ ಟೈ ಕೂಡ ಅದೇ ಬಣ್ಣ ಇರಬೇಕಾ?

ಮಣಿಪಾಲ ರಸ್ತೆ

ಬಿಲ್ ಇದ್ದರೆ ಮೊದಲು ಬದಲಿಸಿ ಕೊಡುತ್ತಾರಾ ಕೇಳಿ. ನನ್ನ ಮದುವೆಯಲ್ಲಿ ಹೀಗೇ ಆಗಿತ್ತು. ಹೋಗಲಿ ಅಂತ ಸುಮ್ನೆ ಹಾಕಿಕೊಂಡೆ. ಈಗಲೂ ಆಲ್ಬಂ ತೆಗೆದರೆ ಕಣ್ಣು ಸೀದಾ ಆ ತೋಳಿನ ಮೇಲೆ ಹೋಗುತ್ತದೆ. ನಿಮಗೆ ಇನ್ನೂ ಸಮಯ ಉಂಟಲ್ವಾ, ಬಿಡಬೇಡಿ.

ಟೇಪು ಮತ್ತು ಕತ್ತರಿ

ನಾನು ಮಂಗಳೂರಿನಲ್ಲಿ 31 ವರ್ಷದಿಂದ ಕೋಟು ಹೊಲಿಯುತ್ತಿದ್ದೇನೆ. ಹಾಕ್ತಾ ಹಾಕ್ತಾ ಸರಿಯಾಗುವುದಿಲ್ಲ ತಮ್ಮಾ. ಆದರೆ ಗಾಬರಿ ಬೇಡ. ನೀವು ಹೇಳಿದ್ದರಲ್ಲಿ ಹೆಚ್ಚಿನದ್ದು ಸರಿ ಮಾಡುವಂಥದ್ದೇ. ಸರಿ ಮಾಡಲಿಕ್ಕೆ ಆಗದ ಜಾಗ ಒಂದೇ, ಅದು ಹೆಗಲು. ನೀವು ಅದರ ಬಗ್ಗೆ ಏನೂ ಬರೆಯಲಿಲ್ಲ.

ಹೀಗೆ ಮಾಡಿ. ಕೋಟು ಹಾಕಿ ಗೋಡೆಯ ಪಕ್ಕದಲ್ಲಿ ನಿಲ್ಲಿ. ಕೈ ಸಡಿಲ ಬಿಟ್ಟು, ಗೋಡೆಯ ಕಡೆಗೆ ಮೆಲ್ಲ ವಾಲಿ. ಮೊದಲು ನಿಮ್ಮ ತೋಳು ತಾಗಿದರೆ ಹೆಗಲು ಸರಿ ಉಂಟು. ಕೋಟಿನ ಪ್ಯಾಡ್ ಮೊದಲು ತಾಗಿದರೆ ಅದು ನಿಮಗೆ ದೊಡ್ಡದು. ಆಗ ಆಲ್ಟ್ರೇಷನ್‌ಗೆ ದುಡ್ಡು ಹಾಕಬೇಡಿ, ಕೋಟನ್ನೇ ಬದಲಿಸಿ. ಹೆಗಲು ಇಳಿಸಬೇಕಾದರೆ ತೋಳು ಬಿಚ್ಚಬೇಕು, ಪ್ಯಾಡ್ ತೆಗೆಯಬೇಕು, ಎದೆಯ ಭಾಗ ಮತ್ತೆ ಕೂರಿಸಬೇಕು. ಅಷ್ಟು ಮಾಡಿದರೂ ಮೊದಲಿನ ಚೆಂದ ಬರುವುದಿಲ್ಲ. ನಾನು ಆ ಕೆಲಸ ಒಪ್ಪಿಕೊಳ್ಳುವುದೇ ಇಲ್ಲ.

ಹೆಗಲು ಸರಿ ಇದ್ದರೆ ಮುಂದೆ ಓದಿ.

ಕಾಲರ್ ಕೆಳಗಿನ ಅಡ್ಡ ಮಡಿಕೆ ಅಂದರೆ ಬೆನ್ನಿನಲ್ಲಿ ಬಟ್ಟೆ ಜಾಸ್ತಿ ಆಗಿದೆ. ನೆಟ್ಟಗೆ ನಿಲ್ಲುವವರಿಗೆ, ಹೆಗಲು ಇಳಿಜಾರು ಇಲ್ಲದೆ ಚೌಕ ಇರುವವರಿಗೆ ರೆಡಿಮೇಡ್ ಕೋಟಿನಲ್ಲಿ ಇದು ಬರುತ್ತದೆ. ಕಾಲರ್ ಬಿಚ್ಚಿ, ಹೆಚ್ಚಿನ ಬಟ್ಟೆ ತೆಗೆದು, ಸ್ವಲ್ಪ ಕೆಳಗೆ ಕೂರಿಸಬೇಕು. ಕೋಟು ಹೊಲಿಯುವವರ ಹತ್ತಿರವೇ ಕೊಡಿ. ಪ್ಯಾಂಟು, ಶರ್ಟು ಮಾತ್ರ ಹೊಲಿಯುವವರಿಗೆ ಇದರ ಅಭ್ಯಾಸ ಇರುವುದಿಲ್ಲ.

ಬಲಗಡೆಯ ಓರೆ ಮಡಿಕೆ ಬೇರೆ ವಿಷಯ. ನೀವು ದಿನಾ ಲ್ಯಾಪ್‌ಟಾಪ್ ಬ್ಯಾಗ್ ಬಲ ಹೆಗಲಿಗೇ ಹಾಕುತ್ತೀರಾ? ನನ್ನ ಹತ್ತಿರ ಬರುವವರಲ್ಲಿ ತುಂಬ ಜನರಿಗೆ ಒಂದು ಹೆಗಲು ಇನ್ನೊಂದಕ್ಕಿಂತ ತಗ್ಗು. ಕನ್ನಡಿಯಲ್ಲಿ ನಮಗೇ ಗೊತ್ತಾಗುವುದಿಲ್ಲ. ಕೋಟು ಅದನ್ನು ತೋರಿಸಿಕೊಡುತ್ತದೆ. ತಗ್ಗಿದ ಕಡೆಗೆ ಒಳಗಿಂದ ತೆಳುವಾದ ಒಂದು ಪದರ ಪ್ಯಾಡ್ ಕೊಟ್ಟರೆ ಆ ಮಡಿಕೆ ಬಿಟ್ಟುಹೋಗುತ್ತದೆ. ಎರಡೂ ಕಡೆ ದಪ್ಪ ಮಾಡಿಸಬೇಡಿ.

ಹೊಟ್ಟೆಯ ಹತ್ತಿರ ಎಳೆಯುವುದಕ್ಕೆ ಬದಿಯ ಹೊಲಿಗೆ ಬಿಡಿಸಬಹುದು. ಎಷ್ಟು ಅನ್ನುವುದು ಒಳಗೆ ಬಿಟ್ಟ ಮಾರ್ಜಿನ್, ಅಂದರೆ ಹೊಲಿಗೆಯಾಚೆ ಉಳಿಸಿದ ಬಟ್ಟೆಯ ಮೇಲೆ. ಲೈನಿಂಗ್ ಬಿಚ್ಚಿ ನೋಡಿದರೇ ಗೊತ್ತು. ಬಟನ್ ಹಾಕಿದ ಮೇಲೆ ಒಂದು ಮುಷ್ಟಿ ಒಳಗೆ ಹಿಡಿದರೆ ಸಾಕು. ಎರಡು ಬಟನ್ ಇದ್ದರೆ ಮೇಲಿನದ್ದು ಮಾತ್ರ ಹಾಕಿ. ಕೋಟಿನ ಕಟಿಂಗ್ ಇರುವುದೇ ಹಾಗೆ. ಕೆಳಗಿನದ್ದೂ ಹಾಕಿದರೆ ಸೊಂಟದಲ್ಲಿ ಎಳೆಯುತ್ತದೆ.

ತೋಳು ಸುಲಭ. ಕೈ ಕೆಳಗೆ ಬಿಟ್ಟಾಗ ಒಳಗಿನ ಶರ್ಟಿನ ಕಫ್ ಕಾಲು ಇಂಚಿನಿಂದ ಅರ್ಧ ಇಂಚು ಹೊರಗೆ ಕಾಣಬೇಕು. ಆದರೆ ತೋಳಿನ ತುದಿಯ ಬಟನ್‌ಗೆ ನಿಜವಾದ ಕಾಜಾ (ಬಟನ್ ತೂರಿಸುವ ತೂತು) ತೆರೆದಿದೆಯಾ ನೋಡಿ. ತೆರೆದಿದ್ದರೆ ಕೆಳಗಿನಿಂದ ಕತ್ತರಿಸಿದಾಗ ಕಾಜಾ ತುದಿಗೆ ಬಂದು ಬಿಡುತ್ತದೆ. ಮೇಲಿನಿಂದ, ಹೆಗಲಿನ ಹತ್ತಿರ ತೆಗೆಯಬೇಕಾಗುತ್ತದೆ, ಅದಕ್ಕೆ ಖರ್ಚು ಜಾಸ್ತಿ.

ಟ್ರಯಲ್‌ಗೆ ಹೋಗುವಾಗ ಆ ದಿನ ಹಾಕುವ ಶರ್ಟನ್ನೇ ಹಾಕಿಕೊಂಡು ಹೋಗಿ, ಶೂ ಕೂಡ ಅದೇ. ಕಿಸೆಯಿಂದ ಪರ್ಸು, ಮೊಬೈಲು ತೆಗೆದಿಡಿ. ಮತ್ತೆ, ದಯವಿಟ್ಟು ಉಸಿರು ಬಿಗಿ ಹಿಡಿಯಬೇಡಿ. ಟೇಪು ಕಂಡ ಕೂಡಲೇ ಎಲ್ಲರೂ ಎದೆ ಉಬ್ಬಿಸಿ ನಿಲ್ಲುತ್ತಾರೆ. ಆ ಅಳತೆಗೆ ಹೊಲಿದರೆ ಮದುವೆಯ ದಿನ ಬೇರೆಯವರ ಕೋಟು ಹಾಕಿದ ಹಾಗೆ ಆಗುತ್ತದೆ. ಅದಕ್ಕೆ ನಾನು ಅಳತೆ ತೆಗೆಯುವಾಗ ಇವತ್ತು ಬಂದರಿನಲ್ಲಿ ಬಂಗುಡೆ ಹೇಗೆ, ಅಂಜಲ್ ಬಂದಿದೆಯಾ ಅಂತ ಮಾತಿಗೆ ಎಳೆಯುತ್ತೇನೆ. ಎರಡು ಮಾತಾಡುವಷ್ಟರಲ್ಲಿ ಹೆಗಲು ತಾನಾಗಿ ಇಳಿಯುತ್ತದೆ. ಆಗ ಟೇಪು ಹಿಡಿಯುತ್ತೇನೆ.

ಇಗರ್ಜಿಯ (ಚರ್ಚಿನ) ಮದುವೆಗೆ ಸೂಟು ಹೊಲಿಸುವ ಹುಡುಗರು ಮಂಗಳೂರಿನಲ್ಲಿ ತುಂಬ. ಒಬ್ಬ ಹುಡುಗ ರೋಸ್ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಮುಗಿದ ರಾತ್ರಿ ನನ್ನ ಬಾಗಿಲು ಬಡಿದಿದ್ದ. ತಲೆಯಲ್ಲಿ ಇನ್ನೂ ತೆಂಗಿನ ಹಾಲಿನ ವಾಸನೆ. ಬೇರೆ ಕಡೆ ಹೊಲಿಸಿದ್ದು, ಕೊನೆಯ ಟ್ರಯಲ್‌ಗೆ ಹೋಗಲಿಕ್ಕೆ ಪುರುಸೊತ್ತಾಗಿರಲಿಲ್ಲ. ಬಟನ್ ಸೇರುತ್ತಿರಲಿಲ್ಲ. ರಾತ್ರಿ ಕೂತು ಬದಿ ಬಿಡಿಸಿ ಕೊಟ್ಟೆ, ಆದರೆ ಹಳೆಯ ಹೊಲಿಗೆಯ ಗೆರೆ ಇಸ್ತ್ರಿಗೆ ಪೂರ್ತಿ ಹೋಗಲಿಲ್ಲ. ಅದು ನನಗೆ ಇನ್ನೂ ನೋವು. ನೀವು ಮದುವೆಗೆ ಹದಿನೈದು ದಿನ ಇರುವಾಗಲೇ ಕೊನೆಯ ಟ್ರಯಲ್ ಮುಗಿಸಿ.

ಕಲ್ಸಂಕದವ

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್. ಗೋಡೆಗೆ ವಾಲಿ ನೋಡಿದೆ, ತೋಳೇ ಮೊದಲು ತಾಗಿತು. ಬ್ಯಾಗ್ ಬಲ ಹೆಗಲಿಗೇ ಹಾಕುವುದು, ಎಂಟು ವರ್ಷದಿಂದ! ತೋಳಿನ ಕಾಜಾ ತೆರೆದಿಲ್ಲ, ಬಟನ್ ಬರೇ ತೋರಿಕೆಗೆ. ಒಂದು ಕೇಳಲಿಕ್ಕೆ ಉಂಟು. ಎದೆಯ ಒಳಗೆ ಕ್ಯಾನ್ವಾಸ್, ಅಂದರೆ ಗಟ್ಟಿ ಬಟ್ಟೆಯ ಒಳಪದರ, ಇರಬೇಕು ಅನ್ನುತ್ತಾರಲ್ಲ, ಅದು ಹೇಗೆ ಗೊತ್ತಾಗುವುದು?

ಟೇಪು ಮತ್ತು ಕತ್ತರಿ

ಬಟನ್‌ನ ಕಾಜಾ ಹತ್ತಿರ ಹೊರಗಿನ ಬಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯಿರಿ. ಒಳಗಿನ ಬಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲ ಬೇರೆ ಮಾಡಿ. ನಡುವೆ ಮೂರನೆಯ ಪದರ ಜಾರಿದ ಹಾಗೆ ಬೆರಳಿಗೆ ಸಿಕ್ಕಿದರೆ ಕ್ಯಾನ್ವಾಸ್. ಹೊರಗಿನ ಬಟ್ಟೆಯೇ ದಪ್ಪವಾಗಿ, ಅಂಟಿಕೊಂಡ ಹಾಗೆ ಇದ್ದರೆ ಫ್ಯೂಸಿಂಗ್, ಅಂದರೆ ಬಿಸಿಯಲ್ಲಿ ಅಂಟಿಸಿದ್ದು. ಕಡಿಮೆ ಬೆಲೆಯ ರೆಡಿಮೇಡ್‌ನಲ್ಲಿ ಹೆಚ್ಚಾಗಿ ಅದೇ ಇರುವುದು. ಒಂದು ಮದುವೆಗೆ ಏನೂ ತೊಂದರೆ ಇಲ್ಲ. ಆದರೆ ಅಂಟು ಬಿಟ್ಟರೆ ಎದೆಯ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳುತ್ತದೆ. ಪದೇ ಪದೇ ಡ್ರೈಕ್ಲೀನ್‌ಗೆ ಕೊಡಬೇಡಿ. ಮದುವೆ ಮುಗಿದ ಮೇಲೆ ಗಾಳಿಗೆ ಹರಡಿ, ಬೆವರು ಪೂರ್ತಿ ಆರಿದ ಮೇಲೆ ಬಟ್ಟೆಯ ಚೀಲದಲ್ಲಿ ತೂಗು ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ರಥಬೀದಿ ಅಕ್ಕ

ಟೈ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಸೀರೆಯದ್ದೇ ಬಣ್ಣ ಹುಡುಕಬೇಡಿ ತಮ್ಮಾ. ರೇಷ್ಮೆಯ ಮೆರೂನ್ ಬೇರೆ, ಟೈಯ ಮೆರೂನ್ ಬೇರೆ. ಹತ್ತಿರ ನಿಂತಾಗ ಒಂದು ಮಾಸಿದ ಹಾಗೆ ಕಾಣುತ್ತದೆ. ಇನ್ನೂ ಗಾಢವಾದದ್ದು, ನೇರಳೆ ಹಣ್ಣಿನ ಬಣ್ಣಕ್ಕೆ ಹತ್ತಿರ ಇರುವುದು ತಗೊಳ್ಳಿ. ಅಂಗಡಿಯ ಲೈಟಿನಲ್ಲಿ ನಂಬಬೇಡಿ. ಸೀರೆಯ ಬ್ಲೌಸ್ ಪೀಸಿನ ಚೂರು ಹಿಡಿದುಕೊಂಡು ಹೋಗಿ, ಟೈಯನ್ನು ಬಾಗಿಲ ಹೊರಗೆ ಬೆಳಕಿಗೆ ತಂದು ನೋಡಿ. ಶರ್ಟು ಬಿಳಿ ಇರಲಿ. ಟೈ ತುದಿ ಬೆಲ್ಟಿನ ಬಕಲ್ ಮುಟ್ಟಿದರೆ ಸಾಕು. ನೇವಿಗೆ ಗಾಢ ಕಂದು ಶೂ ಚೆಂದ, ಬೆಲ್ಟು ಅದೇ ಬಣ್ಣ.

ಸಾಕ್ಸ್ ಪ್ಯಾಂಟಿನ ಬಣ್ಣದ್ದು, ಉದ್ದದ್ದು ಬೇಕು. ಊಟಕ್ಕೆ ಕೂತಾಗ ಕಾಲು ಕಾಣಬಾರದು. ಇನ್ನೊಂದು, ಅಣ್ಣನಾದವನು ಆ ದಿನ ಹತ್ತು ಸಲ ಶೂ ಬಿಚ್ಚುತ್ತಾನೆ. ಪ್ಯಾಂಟಿನ ಉದ್ದ ಶೂ ಹಾಕಿಯೂ ನೋಡಿ, ಬಿಚ್ಚಿಯೂ ನೋಡಿ. ಉದ್ದ ಜಾಸ್ತಿ ಇದ್ದರೆ ಮದುವೆ ಮಂಟಪದ ನೆಲ ಒರೆಸುತ್ತದೆ. ಶೂ ಮೇಲೆ ಒಂದು ಸಣ್ಣ ಮಡಿಕೆ ಬಿದ್ದರೆ ಸಾಕು.

ಕಲ್ಸಂಕದವ

ನಿನ್ನೆ ಮೊದಲ ಟ್ರಯಲ್ ಆಯಿತು. ಬೆನ್ನಿನ ಮಡಿಕೆ ಹೋಗಿದೆ, ಕಾಲರ್ ಶರ್ಟಿಗೆ ಅಂಟಿ ಕೂರುತ್ತದೆ. ಬಲಗಡೆಗೆ ಪ್ಯಾಡ್ ಕೊಟ್ಟಿದ್ದಾರೆ. ಬದಿಯಲ್ಲಿ ಮುಕ್ಕಾಲು ಇಂಚು ಸಿಕ್ಕಿತು, ಈಗ ಉಸಿರಾಡಬಹುದು. ತೋಳು ಮುಂದಿನ ಶನಿವಾರ ಸಿಗುತ್ತದೆ. ಅಕ್ಕ, ಟೈಗೆ ತಂಗಿಯೇ ಬ್ಲೌಸ್ ಪೀಸಿನ ಚೂರು ಕತ್ತರಿಸಿ ಕೊಟ್ಟಿದ್ದಾಳೆ. ಕಿಸೆಯಲ್ಲೇ ಉಂಟು, ನಾಳೆ ಹೋಗುತ್ತೇನೆ.